ಶೇ 59ಕ್ಕೆ ನಿಲ್ಲುವ ಎಕ್ಸ್‌ಪೋರ್ಟ್, ಹಿಂದೆ ಬೀಳುವ ಧ್ವನಿ, ಬೆಳ್ಳಗಾಗುವ ಮುಖ

ಪ್ರಶ್ನೆ: 24 ನಿಮಿಷದ ಪಾಠದ ವಿಡಿಯೊ ಎಡಿಟ್ ಮಾಡಿದ್ದೇನೆ. ನಾನು ಮಾತಾಡುವ ಭಾಗವನ್ನು ಫೋನಿನಲ್ಲಿ ಒಂದೇ ಟೇಕ್‌ನಲ್ಲಿ ತೆಗೆದಿದ್ದೆ. ನಡುನಡುವೆ ಸ್ಕ್ರೀನ್ ರೆಕಾರ್ಡಿಂಗ್ ಮತ್ತು ಫೋಟೊಗಳಿವೆ. 1080ಪಿ, ಎಚ್.264, 40 ಎಂಬಿಪಿಎಸ್ ಸ್ಥಿರ ಬಿಟ್‌ರೇಟ್ ಇಟ್ಟು ನೇರವಾಗಿ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಕೊಟ್ಟರೆ ಪ್ರತಿ ಸಲವೂ ಶೇ 59ರಲ್ಲಿ ನಿಂತುಹೋಗುತ್ತದೆ. ಆ ಜಾಗದಲ್ಲಿದ್ದ ಕ್ಲಿಪ್ ತೆಗೆದು ನೋಡಿದೆ, ಆಗಲೂ ಅಲ್ಲೇ ನಿಂತಿತು. ಬಿಟ್‌ರೇಟ್ 16ಕ್ಕೆ ಇಳಿಸಿದಾಗ ಒಮ್ಮೆ ಮುಗಿಯಿತು. ಆದರೆ ಅದರಲ್ಲಿ ಕೊನೆಕೊನೆಗೆ ತುಟಿ ಮೊದಲು ಆಡಿ ಮಾತು ಒಂದು ಸೆಕೆಂಡಿಗೂ ಹೆಚ್ಚು ತಡವಾಗಿ ಬರುತ್ತದೆ. ಫೋನಿನಲ್ಲಿ ತೆಗೆದ ಭಾಗ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಿದೆ. ಕ್ಯಾಶ್ ಅಳಿಸಿದೆ, ಸಾಫ್ಟ್‌ವೇರನ್ನು ಎರಡು ಸಲ ಮತ್ತೆ ಇನ್‌ಸ್ಟಾಲ್ ಮಾಡಿದೆ. ಹೊಸ ಕಂಪ್ಯೂಟರ್ ಕೊಳ್ಳಲೇಬೇಕೆ?

ಉತ್ತರ: ಕೊಳ್ಳಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದಕ್ಕೂ ಕಂಪ್ಯೂಟರಿನ ಶಕ್ತಿಗೂ ಸಂಬಂಧವಿಲ್ಲ. ಅದೇ ಪೆನ್‌ಡ್ರೈವನ್ನು, ಅದೇ ಕ್ಲಿಪ್‌ಗಳನ್ನು ಎಷ್ಟು ದೊಡ್ಡ ಯಂತ್ರಕ್ಕೆ ಹಾಕಿದರೂ ಶೇ 59ಕ್ಕೇ ನಿಲ್ಲುತ್ತದೆ, ಧ್ವನಿ ಹಾಗೆಯೇ ಹಿಂದೆ ಬೀಳುತ್ತದೆ. ಮೂರೂ ಒಟ್ಟಿಗೆ ಕಾಣಿಸಿಕೊಂಡದ್ದರಿಂದ ಒಂದೇ ರೋಗದ ಮೂರು ಲಕ್ಷಣಗಳು ಎಂದು ನಿಮಗೆ ಅನ್ನಿಸಿದೆ. ಹಾಗಲ್ಲ, ಮೂರಕ್ಕೂ ಬೇರೆ ಬೇರೆ ಮೂಲವಿದೆ. ಎರಡು ಸಲ ಇನ್‌ಸ್ಟಾಲ್ ಮಾಡಿದರೂ ಒಂದೂ ವಾಸಿಯಾಗದಿದ್ದುದಕ್ಕೆ ಕಾರಣವೂ ಅದೇ.

ಎಕ್ಸ್‌ಪೋರ್ಟ್ ಗುಂಡಿ ಒಂದೇ ಇದ್ದರೂ ಅದರ ಹಿಂದೆ ನಡೆಯುವ ಕೆಲಸ ನಾಲ್ಕು. ಮೊದಲು ನಿಮ್ಮ ಮೂಲ ಕ್ಲಿಪ್‌ನ ಒಂದೊಂದು ಫ್ರೇಮನ್ನೂ ಬಿಚ್ಚಬೇಕು, ಅದು ಡಿಕೋಡ್. ಬಿಚ್ಚಿದ ಫ್ರೇಮಿನ ಮೇಲೆ ಬಣ್ಣ, ಅಕ್ಷರ, ಎಫೆಕ್ಟ್ ಎಲ್ಲವನ್ನೂ ಕೂಡಿಸಬೇಕು, ಅದು ರೆಂಡರ್. ಹಾಗೆ ತಯಾರಾದ ಚಿತ್ರವನ್ನು ಮತ್ತೆ ಒತ್ತಿ ಚಿಕ್ಕದು ಮಾಡಬೇಕು, ಅದು ಎನ್‌ಕೋಡ್. ಕೊನೆಗೆ ಡಿಸ್ಕ್‌ಗೆ ಬರೆಯಬೇಕು. ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ಪರದೆಯ ಮೇಲೆ ಬರುವುದು ಹೆಚ್ಚುಕಡಿಮೆ ಒಂದೇ ಥರದ ಸಂದೇಶ. ಯಾವ ಹಂತ ಎಂದು ಪತ್ತೆ ಮಾಡದೆ ಮದ್ದು ಹುಡುಕಲು ಹೊರಟರೆ ಇಡೀ ರಾತ್ರಿ ಹಾಳು.

ನಿಮ್ಮ ವಿಷಯದಲ್ಲಿ ಕೈಕೊಟ್ಟಿರುವುದು ಕೊನೆಯ ಹಂತ, ಬರೆಯುವುದು. ಲೆಕ್ಕ ಹಾಕಿ ನೋಡೋಣ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 5 ಮೆಗಾಬೈಟ್. ಧ್ವನಿಯನ್ನು ಸಾಮಾನ್ಯವಾಗಿ ಇಡುವ 320 ಕೆಬಿಪಿಎಸ್ ಸೇರಿಸಿದರೆ 5.04. ಇನ್ನು ಪೆನ್‌ಡ್ರೈವ್ ವಿಷಯ. 32 ಜಿಬಿ ಮತ್ತು ಅದಕ್ಕಿಂತ ಕಡಿಮೆಯವು ಬಹುಪಾಲು ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲೇ ಬರುತ್ತವೆ. 1996ರಲ್ಲಿ ಬಂದ ಈ ಪದ್ಧತಿಯಲ್ಲಿ ಫೈಲಿನ ಗಾತ್ರವನ್ನು ಬರೆದಿಡಲು ಇರುವುದು 32 ಬಿಟ್ ಜಾಗ ಮಾತ್ರ. ಒಂದು ಫೈಲ್ 4,29,49,67,295 ಬೈಟ್ ಮುಟ್ಟಿದರೆ ಮುಗಿಯಿತು, ಡ್ರೈವ್‌ನಲ್ಲಿ ಇನ್ನೂ 20 ಜಿಬಿ ಖಾಲಿ ಇದ್ದರೂ ಅದರ ಮುಂದೆ ಒಂದು ಬೈಟ್ ಕೂಡ ಹಿಡಿಸದು. ಸೆಕೆಂಡಿಗೆ 5.04 ಎಂಬಿಯಂತೆ ಆ ಮಿತಿ ತಲುಪಲು ಬೇಕಾಗುವುದು ಸುಮಾರು 852 ಸೆಕೆಂಡಿನ ವಿಡಿಯೊ, ಅಂದರೆ 14 ನಿಮಿಷ 12 ಸೆಕೆಂಡ್. ನಿಮ್ಮ 24 ನಿಮಿಷದಲ್ಲಿ ಅದು ಎಷ್ಟು ಪಾಲು? ಶೇ 59.

ಆ ಜಾಗದ ಕ್ಲಿಪ್ ತೆಗೆದರೂ ಅಲ್ಲೇ ನಿಂತದ್ದು ಏಕೆ ಎಂಬುದಕ್ಕೂ ಇದೇ ಉತ್ತರ. ಸ್ಥಿರ ಬಿಟ್‌ರೇಟ್‌ನಲ್ಲಿ ಅಲ್ಲಿ ಮುಖವಿರಲಿ, ಫೋಟೊವಿರಲಿ, ಬರೀ ಕಪ್ಪು ಪರದೆ ಇರಲಿ, ಫೈಲ್ ಅದೇ ವೇಗದಲ್ಲಿ ಬೆಳೆಯುತ್ತದೆ. 16 ಎಂಬಿಪಿಎಸ್‌ಗೆ ಇಳಿಸಿದಾಗ ಇಡೀ ವಿಡಿಯೊ 3 ಜಿಬಿಯೊಳಗೆ ಮುಗಿದುಹೋಗಿ ಆ ಗೋಡೆಯ ಹತ್ತಿರಕ್ಕೂ ಹೋಗಲಿಲ್ಲ. ಆ ಕ್ಲಿಪ್ ತೆಗೆದು ನೋಡಿದಿರಲ್ಲ, ಅದು ಸರಿಯಾದ ಪರೀಕ್ಷೆ. ಉತ್ತರವೂ ಸಿಕ್ಕಿತ್ತು: ತಪ್ಪು ಕ್ಲಿಪ್‌ನದಲ್ಲ. ಅದನ್ನು ನಂಬಿ ಮುಂದಿನ ಹಂತಕ್ಕೆ ಹೋಗಬೇಕಿತ್ತು, ಅಷ್ಟೇ.

ಖಚಿತಪಡಿಸಿಕೊಳ್ಳಲು ಪೆನ್‌ಡ್ರೈವ್‌ನ ಪ್ರಾಪರ್ಟೀಸ್ ತೆರೆದು ಫೈಲ್ ಸಿಸ್ಟಮ್ ಎಂಬಲ್ಲಿ ಏನಿದೆ ನೋಡಿ. ಫ್ಯಾಟ್32 ಎಂದಿದ್ದರೆ ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದು. ಆದರೆ ಅದರಲ್ಲಿರುವುದೆಲ್ಲ ಅಳಿದುಹೋಗುತ್ತದೆ, ಮೊದಲು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ, ಪೆನ್‌ಡ್ರೈವ್‌ಗೆ ನೇರವಾಗಿ ಎಕ್ಸ್‌ಪೋರ್ಟ್ ಮಾಡುವ ರೂಢಿಯನ್ನೇ ಬಿಡಿ. ಬರೆಯುವ ವೇಗ ಏರುಪೇರಾಗುತ್ತದೆ, ಕೈ ತಾಗಿ ಸಡಿಲವಾದರೂ ಕೆಲಸ ಕೆಟ್ಟಿತು. ಕಂಪ್ಯೂಟರಿನ ಒಳಗಿನ ಡಿಸ್ಕ್‌ಗೆ ಬರೆದು, ಪೂರ್ತಿ ನೋಡಿ, ಆಮೇಲೆ ನಕಲು ಮಾಡಿ.

ಬಿಟ್‌ರೇಟ್ ಬಗ್ಗೆಯೂ ಒಂದು ಮಾತು. 1080ಪಿ, ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ಅಪ್‌ಲೋಡ್‌ಗೆ ಯೂಟ್ಯೂಬ್ ಸೂಚಿಸುವುದು 8 ಎಂಬಿಪಿಎಸ್. 35ರಿಂದ 45 ಎಂಬುದು 4ಕೆ ವಿಡಿಯೊಗೆ ಹೇಳಿದ ಅಂಕಿ. ಅಲ್ಲಿ ಮತ್ತೆ ಒತ್ತಿ ಚಿಕ್ಕದು ಮಾಡುತ್ತಾರೆ, ಆದ್ದರಿಂದ ಸೂಚಿಸಿದ್ದಕ್ಕಿಂತ ಸ್ವಲ್ಪ ಧಾರಾಳವಾಗಿ ಕೊಡುವುದು ನನಗೂ ಇಷ್ಟ. ನೀವು ಇಟ್ಟ 16 ಹದವಾದದ್ದು. 40ರಿಂದ ಫೈಲ್ ದಪ್ಪವಾಗುತ್ತದೆ, ಕಣ್ಣಿಗೆ ಕಾಣುವ ಗುಣ ಹೆಚ್ಚುವುದಿಲ್ಲ.

ಅರ್ಧಕ್ಕೆ ನಿಂತ ಫೈಲನ್ನು ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂದು ಹೇಳುವ ಸೂಚಿ ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ ಬರೆಯಲ್ಪಡುತ್ತದೆ. ಅದಿಲ್ಲದ ಫೈಲ್ 4 ಜಿಬಿ ಇದ್ದರೂ ಪ್ಲೇ ಆಗದು. ಆಸೆ ಬಿಟ್ಟು ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ.

ಇದೇ ಬಗೆಯ ನಿಲುಗಡೆ ಬೇರೆಯವರಿಗೂ ಬರುತ್ತದೆ, ಕಾರಣ ಮಾತ್ರ ಬೇರೆ ಇರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಯಾರನ್ನಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲುತ್ತದೆಯೋ, ಬೇರೆ ಬೇರೆ ಜಾಗದಲ್ಲೋ?

ಅದೇ ಜಾಗ ಎಂದಾದರೆ, ಮತ್ತು ಫೈಲ್ ಗಾತ್ರದ ಮಿತಿ ಕಾರಣವಲ್ಲ ಎಂದಾದರೆ, ಟೈಮ್‌ಲೈನಿನ ಆ ಜಾಗದಲ್ಲೇ ಏನೋ ಇದೆ. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ತನ್ನ ದೋಷದ ಸಂದೇಶದಲ್ಲಿ ಹೆಚ್ಚಿನ ಸಲ ಟೈಮ್‌ಕೋಡನ್ನೂ, ಅಂದರೆ ವಿಡಿಯೊದಲ್ಲಿ ನಿಂತ ಗಳಿಗೆಯನ್ನೂ, ಕೊಡುತ್ತದೆ. ಜನ ಸಂದೇಶದ ಮೊದಲ ಸಾಲು ಓದಿ ಮುಚ್ಚಿಬಿಡುತ್ತಾರೆ, ಉಪಯೋಗದ ಸಾಲು ಕೆಳಗಿರುತ್ತದೆ. ಟೈಮ್‌ಕೋಡ್ ಸಿಗದಿದ್ದರೆ ಇನ್ ಮತ್ತು ಔಟ್ ಗುರುತು ಹಾಕಿ ಅರ್ಧ ಭಾಗ ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಅದು ಮುಗಿದರೆ ತೊಂದರೆ ಇನ್ನೊಂದು ಅರ್ಧದಲ್ಲಿದೆ. ಅದನ್ನು ಮತ್ತೆ ಎರಡು ಭಾಗ ಮಾಡಿ. 24 ನಿಮಿಷದ ವಿಡಿಯೊದಲ್ಲಿ ಏಳೇ ಸಲ ಹೀಗೆ ಸೀಳಿದರೆ ಹನ್ನೊಂದು ಸೆಕೆಂಡಿನ ತುಂಡಿಗೆ ಬಂದು ನಿಲ್ಲುತ್ತೀರಿ. ಆ ತುಂಡಿನಲ್ಲಿರುವ ಎಫೆಕ್ಟ್‌ಗಳನ್ನು ಆಫ್ ಮಾಡಿ ಎಕ್ಸ್‌ಪೋರ್ಟ್ ಕೊಡಿ. ಮುಗಿದರೆ ಕಳ್ಳ ಎಫೆಕ್ಟೇ, ಆಗಲೂ ನಿಂತರೆ ಮೂಲ ಕ್ಲಿಪ್.

ಮೂಲ ಕ್ಲಿಪ್ ಎಂದಾದಾಗ ನಿಂತ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೂ ನೋಡಬೇಕು. ವಿಡಿಯೊವನ್ನು ಒತ್ತುವ ಎಚ್.264 ಮತ್ತು ಎಚ್.265 ಪದ್ಧತಿಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗಾಗ ಒಂದು ಪೂರ್ಣ ಚಿತ್ರ, ಅದೇ ಕೀಫ್ರೇಮ್. ನಡುವಿನವೆಲ್ಲ ಅಕ್ಕಪಕ್ಕದವುಗಳಿಗೂ ತಮಗೂ ಇರುವ ವ್ಯತ್ಯಾಸವನ್ನಷ್ಟೇ ಹೊತ್ತಿರುತ್ತವೆ. ಒಂದು ಫ್ರೇಮ್ ಕೆಟ್ಟರೆ ಮುಂದಿನ ಕೀಫ್ರೇಮ್ ಬರುವವರೆಗೆ ಅದನ್ನು ನೆಚ್ಚಿಕೊಂಡವೂ ಕೆಡಬಹುದು. ಎಕ್ಸ್264 ಎನ್‌ಕೋಡರ್‌ನಲ್ಲಿ ಎರಡು ಕೀಫ್ರೇಮ್‌ಗಳ ನಡುವಿನ ಗರಿಷ್ಠ ಅಂತರ ತಾನಾಗಿ 250 ಫ್ರೇಮ್ ಇರುತ್ತದೆ, ಅಂದರೆ 30 ಫ್ರೇಮಿನ ವೇಗದಲ್ಲಿ ಎಂಟು ಸೆಕೆಂಡಿಗೂ ಹೆಚ್ಚು.

"ಪ್ರಿವ್ಯೂದಲ್ಲಿ ಚೆನ್ನಾಗಿಯೇ ಓಡುತ್ತದಲ್ಲ" ಎಂಬ ಮಾತನ್ನು ಅನೇಕರಿಂದ ಕೇಳಿದ್ದೇನೆ. ಪ್ರಿವ್ಯೂದಲ್ಲಿ ಸಾಫ್ಟ್‌ವೇರ್ ಅರ್ಧ ಅಥವಾ ಕಾಲು ರೆಸಲ್ಯೂಷನ್‌ನಲ್ಲಿ ಓಡಿಸುತ್ತದೆ, ಕೈಗೆ ಸಿಗದ ಫ್ರೇಮನ್ನು ಬಿಟ್ಟು ಮುಂದೆ ಹೋಗುತ್ತದೆ, ಪ್ರಾಕ್ಸಿ ಎಂಬ ಹಗುರ ನಕಲು ಇದ್ದರೆ ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ಎಕ್ಸ್‌ಪೋರ್ಟ್‌ನಲ್ಲಿ ಆ ರಿಯಾಯಿತಿ ಇಲ್ಲ, ಪ್ರತಿ ಫ್ರೇಮೂ ಪೂರ್ಣ ಅಳತೆಯಲ್ಲಿ ಬರಲೇಬೇಕು. ಇದನ್ನು ನಾನು ಕಲಿತದ್ದು ಎರಡು ರಾತ್ರಿ ನಿದ್ದೆಗೆಟ್ಟು. ಹಿಂದೊಮ್ಮೆ ಒಂದು ಕೆಲಸ ಫೋಟೊಗಳ ಸಾಲು ಬರುವಲ್ಲಿ ಪದೇ ಪದೇ ನಿಲ್ಲುತ್ತಿತ್ತು. ಫೋಟೊದಲ್ಲಿ ಕೆಡಲು ಏನಿದೆ ಎಂದು ನಾನು ಅತ್ತ ನೋಡಲೇ ಇಲ್ಲ. ಪ್ರತಿಯೊಂದೂ 6000×4000 ಪಿಕ್ಸೆಲ್‌ನದಾಗಿತ್ತು. ಡಿಸ್ಕ್‌ನಲ್ಲಿ ಕೆಲವೇ ಎಂಬಿ ಇರುವ ಅಂಥ ಚಿತ್ರ, ಪಿಕ್ಸೆಲಿಗೆ ನಾಲ್ಕು ಚಾನೆಲ್, ಒಂದೊಂದಕ್ಕೂ 32 ಬಿಟ್ ಲೆಕ್ಕದಲ್ಲಿ ಬಿಚ್ಚಿಕೊಂಡಾಗ ಮೆಮೊರಿಯಲ್ಲಿ 384 ಎಂಬಿ ಆಗುತ್ತದೆ. 1080ಪಿ ಫ್ರೇಮ್ ಆದರೆ 33 ಎಂಬಿ. ಒಂದರ ಮೇಲೊಂದು ಕರಗುವ ನಾಲ್ಕಾರು ಫೋಟೊಗಳು, ಅವುಗಳ ಮೇಲೆ ಬ್ಲರ್, ಅಲ್ಲಿಗೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬಿತು. ಫೋಟೊಗಳನ್ನು ಟೈಮ್‌ಲೈನಿನ ಅಳತೆಗಿಂತ ಸ್ವಲ್ಪ ದೊಡ್ಡದಿರುವಂತೆ ಚಿಕ್ಕದು ಮಾಡಿ ಹಾಕಿದೆ, ಒಂದೇ ಸಲಕ್ಕೆ ಮುಗಿಯಿತು. ನಿಮ್ಮ ಪ್ರಾಜೆಕ್ಟ್‌ನಲ್ಲೂ ಫೋಟೊಗಳಿವೆ, ಇಂದಲ್ಲ ನಾಳೆ ಇದು ಉಪಯೋಗಕ್ಕೆ ಬರುತ್ತದೆ.

ನಿಲ್ಲುವ ಜಾಗ ಸಲ ಸಲಕ್ಕೂ ಬದಲಾಗುತ್ತಿದ್ದರೆ ಕಥೆ ಬೇರೆ. ಆಗ ಟೈಮ್‌ಲೈನನ್ನು ಬಿಟ್ಟು ಯಂತ್ರದ ಕಡೆ ನೋಡಬೇಕು: ಬಿಸಿ, ಮೆಮೊರಿ, ಗ್ರಾಫಿಕ್ಸ್ ಡ್ರೈವರ್. ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಒಂದು ಕೆಲಸಕ್ಕೆ ಎರಡು ಸೆಕೆಂಡ್ ಉತ್ತರಿಸದಿದ್ದರೆ ಅದು ಹ್ಯಾಂಗ್ ಆಗಿದೆ ಎಂದು ತಿಳಿದು ಸಿಸ್ಟಮ್ಮೇ ಡ್ರೈವರನ್ನು ಹೊಸದಾಗಿ ಶುರು ಮಾಡುತ್ತದೆ. ಭಾರವಾದ ನಾಯ್ಸ್ ರಿಡಕ್ಷನ್ ಹಾಕಿದಾಗ ಇದು ಆಗುವುದುಂಟು. ಪರೀಕ್ಷಿಸಲು ಗ್ರಾಫಿಕ್ಸ್ ಕಾರ್ಡನ್ನು ಪಕ್ಕಕ್ಕಿಟ್ಟು ಒಮ್ಮೆ ಎಕ್ಸ್‌ಪೋರ್ಟ್ ಮಾಡಿ. ಇಲ್ಲಿ ಬಹಳ ಜನ ಎಡವುತ್ತಾರೆ, ಏಕೆಂದರೆ ಸ್ವಿಚ್ ಎರಡಿವೆ. ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿರುವ ರೆಂಡರರ್ ಎಂಬುದು ಎಫೆಕ್ಟ್‌ಗಳ ಕೆಲಸವನ್ನು ಯಾರು ಮಾಡಬೇಕೆಂದು ಹೇಳುತ್ತದೆ. ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿರುವ ಹಾರ್ಡ್‌ವೇರ್ ಎನ್‌ಕೋಡಿಂಗ್ ಎಂಬುದು ಕೊನೆಗೆ ಒತ್ತುವ ಕೆಲಸದ್ದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಒಂದೊಂದಾಗಿ ಬದಲಾಯಿಸಿ. ಸಾಫ್ಟ್‌ವೇರ್ ಎನ್‌ಕೋಡಿಂಗ್ ಇಟ್ಟಾಗ ಸರಾಗವಾಗಿ ಮುಗಿದರೆ ಡ್ರೈವರ್ ಬದಲಾಯಿಸಿ. ಎನ್‌ವಿಡಿಯಾ ಕಾರ್ಡ್ ಇರುವವರು ಗೇಮ್ ರೆಡಿ ಡ್ರೈವರ್ ಬದಲು ಸ್ಟುಡಿಯೊ ಡ್ರೈವರ್ ಹಾಕಿಕೊಳ್ಳುವುದು ಒಳ್ಳೆಯದು.

ಈಗ ನಿಮ್ಮ ಎರಡನೆಯ ತೊಂದರೆ. ಮೊದಲು ಸರಿ ಇದ್ದು ಹೋಗುತ್ತಾ ಹೋಗುತ್ತಾ ಅಂತರ ಹೆಚ್ಚುವುದು ಬಹಳ ದೊಡ್ಡ ಸುಳಿವು. ಆರಂಭದಿಂದಲೂ ಒಂದೇ ಅಂತರ ಇದ್ದಿದ್ದರೆ ಕ್ಲಿಪ್ ಸರಿದಿದೆ ಎನ್ನಬಹುದಿತ್ತು. ಬೆಳೆಯುತ್ತಾ ಹೋಗುವ ಅಂತರ ಎಂದರೆ ಚಿತ್ರವೂ ಧ್ವನಿಯೂ ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ.

ಫೋನ್ 30 ಫ್ರೇಮ್ ಎಂದು ಹೇಳಿದರೂ ಪ್ರತಿ ಸೆಕೆಂಡಿಗೆ ಸರಿಯಾಗಿ 30 ತೆಗೆಯುವುದಿಲ್ಲ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಎರಡು ಫ್ರೇಮಿನ ನಡುವಿನ ಹೊತ್ತು ಹಿಗ್ಗಿ ಕುಗ್ಗುತ್ತದೆ. ಇದೇ ವೇರಿಯಬಲ್ ಫ್ರೇಮ್ ರೇಟ್. ಪ್ರತಿ ಫ್ರೇಮಿನ ಜೊತೆ ಅದನ್ನು ಯಾವ ಗಳಿಗೆಯಲ್ಲಿ ತೋರಿಸಬೇಕೆಂದು ಬರೆದಿರುತ್ತದೆ, ಫೋನಿನ ಪ್ಲೇಯರ್ ಅದನ್ನು ಪಾಲಿಸುವುದರಿಂದ ಅಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಧ್ವನಿಯಾದರೋ ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ ಒಂದೇ ಹದದಲ್ಲಿ ಹೋಗುತ್ತಿರುತ್ತದೆ. ಎಡಿಟಿಂಗ್ ಟೈಮ್‌ಲೈನ್ ಮಾತ್ರ ಸಮ ಅಂತರದ ಚೌಕುಳಿ. ಫ್ರೇಮ್‌ಗಳನ್ನು ಅದಕ್ಕೆ ಕೂಡಿಸುವಾಗ ಸಾಫ್ಟ್‌ವೇರ್ ಆ ಗಳಿಗೆಗಳನ್ನು ಸರಿಯಾಗಿ ಓದದಿದ್ದರೆ ಚಿತ್ರ ಬೇಗ ಮುಗಿಯುತ್ತದೆ, ಮಾತು ಹಿಂದೆ ಉಳಿಯುತ್ತದೆ. ಎಷ್ಟು ಸಣ್ಣ ವ್ಯತ್ಯಾಸ ಸಾಕು ನೋಡಿ: ಸರಾಸರಿ 29.97 ಇರುವುದನ್ನು 30 ಎಂದು ಓಡಿಸಿದರೆ ಸಾವಿರಕ್ಕೆ ಒಂದು ಪಾಲಿನ ತಪ್ಪು. 24 ನಿಮಿಷದ ಕೊನೆಗೆ ಅದೇ ಸುಮಾರು ಒಂದೂವರೆ ಸೆಕೆಂಡ್.

ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಆ ಕ್ಲಿಪ್ ತೆರೆಯಿರಿ. ಫ್ರೇಮ್ ರೇಟ್ ಮೋಡ್ ಎಂಬಲ್ಲಿ ವೇರಿಯಬಲ್ ಎಂದಿದ್ದರೆ ಸಂಶಯ ಉಳಿಯದು. ಸ್ಕ್ರೀನ್ ರೆಕಾರ್ಡಿಂಗನ್ನೂ ನೋಡಿ. ಒಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದಿಂದ ಮಾಡಿದ್ದರೆ ಸ್ಥಿರವಾಗಿರುತ್ತದೆ, ಫೋನಿನ ಸ್ಕ್ರೀನ್ ರೆಕಾರ್ಡರ್‌ನದು ಬಹುತೇಕ ವೇರಿಯಬಲ್. ಅಂಥವನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಾಯಿಸಿಕೊಳ್ಳಬೇಕು. ವಿಡಿಯೊ ಪುಟದಲ್ಲಿ ಫ್ರೇಮ್ ರೇಟನ್ನು ನಿಮ್ಮ ಟೈಮ್‌ಲೈನಿನದೇ ಇಟ್ಟು, ಕೆಳಗೆ ಪೀಕ್ ಎಂದಿರುವುದನ್ನು ಕಾನ್‌ಸ್ಟಂಟ್ ಮಾಡಿ. ಗುಣಮಟ್ಟದ ಆರ್‌ಎಫ್ ಅಂಕಿ 16ರ ಹತ್ತಿರ ಇರಲಿ, ಅಂಕಿ ಇಳಿದಷ್ಟೂ ಗುಣ ಹೆಚ್ಚು. ಮೂಲ ಫೈಲನ್ನು ಅಳಿಸಬೇಡಿ.

ಆದರೆ ಒಂದು ನಿಮಿಷ, ಹ್ಯಾಂಡ್‌ಬ್ರೇಕ್ ಓಡಿಸುವ ಮೊದಲು ಮೂರನೆಯ ತೊಂದರೆಯನ್ನು ಓದಿಕೊಳ್ಳಿ. ಎರಡೂ ಇಲ್ಲಿ ತೆಕ್ಕೆ ಹಾಕಿಕೊಂಡಿವೆ.

ಫೋನಿನ ಭಾಗ ಮಾತ್ರ ಬೆಳ್ಳಗೆ, ಸ್ಕ್ರೀನ್ ರೆಕಾರ್ಡಿಂಗ್ ಸರಿ ಎಂದು ನೀವು ಬರೆದದ್ದರಿಂದ ನನ್ನ ಕೆಲಸ ಹಗುರವಾಯಿತು. ಎಕ್ಸ್‌ಪೋರ್ಟ್ ಸೆಟ್ಟಿಂಗ್ ತಪ್ಪಿದ್ದರೆ, ಉದಾಹರಣೆಗೆ ಕಪ್ಪಿನಿಂದ ಬಿಳುಪಿನವರೆಗೆ 16ರಿಂದ 235 ಇರುವ ವಿಡಿಯೊ ಮಟ್ಟವನ್ನು 0ಯಿಂದ 255 ಎಂದು ಓದಿದ್ದರೆ, ಇಡೀ ವಿಡಿಯೊ ಮಾಸಿರುತ್ತಿತ್ತು. ಕ್ವಿಕ್‌ಟೈಮ್‌ನಲ್ಲಿ ಒಂದು ಬಗೆ, ವಿಎಲ್‌ಸಿಯಲ್ಲಿ ಇನ್ನೊಂದು ಬಗೆ ಕಾಣುವ ಗಾಮಾ (ನಡುಛಾಯೆಗಳ ಹೊಳಪು) ತಕರಾರೂ ಹಾಗೆಯೇ, ಎಲ್ಲ ಕ್ಲಿಪ್‌ಗೂ ಒಟ್ಟಿಗೆ ತಗಲುತ್ತದೆ. ನಿಮ್ಮದು ಎಚ್‌ಡಿಆರ್, ಮಾಮೂಲಿಗಿಂತ ಹೆಚ್ಚಿನ ಬೆಳಕಿನ ವ್ಯಾಪ್ತಿ ಹಿಡಿಯುವ ವಿಡಿಯೊ. 2020ರ ಐಫೋನ್ 12ರಿಂದ ಈಚೆಗೆ ಐಫೋನ್‌ಗಳು, ಹಲವು ಆಂಡ್ರಾಯ್ಡ್ ಫೋನ್‌ಗಳು ಕೂಡ, 10 ಬಿಟ್ ಎಚ್‌ಡಿಆರ್ ವಿಡಿಯೊ ತೆಗೆಯುತ್ತವೆ. ಐಫೋನ್‌ನದು ಎಚ್‌ಎಲ್‌ಜಿ ಎಂಬ ಪದ್ಧತಿಯ ಮೇಲೆ ನಿಂತದ್ದು. ಅದರಲ್ಲಿ ಬೆಳಕಿನ ಹಂಚಿಕೆಯೇ ಬೇರೆ. ಅದನ್ನು ಮಾಮೂಲು ವಿಡಿಯೊದ ಬಣ್ಣದ ಪದ್ಧತಿಯಾದ ರೆಕ್.709ರ ಟೈಮ್‌ಲೈನಿನಲ್ಲಿ ಪರಿವರ್ತಿಸದೆ ಹಾಕಿದರೆ ಹಣೆ, ಕೆನ್ನೆ, ಗೋಡೆ ಎಲ್ಲ ಸುಟ್ಟ ಬಿಳುಪಾಗುತ್ತವೆ. ನಿಮ್ಮ ಚಿತ್ರೀಕರಣ ಕೆಟ್ಟಿಲ್ಲ, ಮಾಹಿತಿ ಕ್ಲಿಪ್‌ನಲ್ಲಿ ಇದ್ದೇ ಇದೆ.

ಪ್ರೀಮಿಯರ್‌ನಲ್ಲಿ ಸೀಕ್ವೆನ್ಸ್ ಸೆಟ್ಟಿಂಗ್‌ನಲ್ಲಿ ಆಟೊ ಟೋನ್ ಮ್ಯಾಪ್ ಮೀಡಿಯಾ ಎಂಬುದನ್ನು ಆನ್ ಮಾಡಿ. ಡಾವಿಂಚಿ ರಿಸಾಲ್ವ್ ಆದರೆ ಆ ಕ್ಲಿಪ್‌ಗೆ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ, ಒಳಬರುವ ಬಣ್ಣ ರೆಕ್.2020, ಗಾಮಾ ಎಚ್‌ಎಲ್‌ಜಿ, ಹೊರಹೋಗುವುದು ರೆಕ್.709 ಮತ್ತು ಗಾಮಾ 2.4 ಎಂದು ಕೊಡಿ. ಬ್ರೈಟ್‌ನೆಸ್ ಇಳಿಸಿ ಸರಿ ಮಾಡಲು ಹೋಗಬೇಡಿ. ಬಿಳುಪು ಬೂದಿಯಾಗುತ್ತದೆ, ಮುಖಕ್ಕೆ ಜೀವ ಬರುವುದಿಲ್ಲ.

ಹ್ಯಾಂಡ್‌ಬ್ರೇಕ್ ತಡೆದದ್ದು ಇದಕ್ಕೇ. ಅದರಲ್ಲಿ ಮಾಮೂಲು 8 ಬಿಟ್ ಎಚ್.264 ಆರಿಸಿಕೊಂಡರೆ 10 ಬಿಟ್‌ನಲ್ಲಿದ್ದ ನಯವಾದ ಛಾಯೆಗಳು ಹೋಗಿ, ಆಮೇಲೆ ಬಣ್ಣ ಪರಿವರ್ತಿಸುವಾಗ ಹಿನ್ನೆಲೆಯ ಗೋಡೆಯಲ್ಲಿ ಪಟ್ಟೆ ಪಟ್ಟೆ ಕಾಣಬಹುದು. ಎಚ್.265 10 ಬಿಟ್ ಆರಿಸಿ. ಬದಲಾಯಿಸಿದ ಫೈಲ್ ಸಿದ್ಧವಾದ ಮೇಲೆ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಹಳೆಯ ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ ರಿಪ್ಲೇಸ್ ಫುಟೇಜ್ ಕೊಟ್ಟರೆ ನಿಮ್ಮ ಕಟ್‌ಗಳೆಲ್ಲ ಹಾಗೆಯೇ ಉಳಿಯುತ್ತವೆ. ಕೊನೆಯ ಭಾಗದ ಕಟ್‌ಗಳು ಮಾತ್ರ ಕೆಲವು ಫ್ರೇಮ್ ಆಚೀಚೆ ಆಗಿರಬಹುದು, ಏಕೆಂದರೆ ತಪ್ಪಿದ ಚಿತ್ರ ನೋಡಿಕೊಂಡು ಅಲ್ಲಿ ಕತ್ತರಿಸಿದ್ದಿರಿ. ಒಂದೊಂದನ್ನೂ ನೋಡಿ ಸರಿಪಡಿಸಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಪಾಠ ಕೇಳುವವರ ಕಣ್ಣು ತುಟಿಯ ಮೇಲೇ ಇರುತ್ತದೆ.

ಮುಂದಿನ ಸಲ ಶೂಟ್ ಮಾಡುವ ಮೊದಲು ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ವಿಡಿಯೊ ಆಫ್ ಮಾಡಿ, ಬೆಳಕು ಚೆನ್ನಾಗಿ ಬೀಳುವಂತೆ ನೋಡಿಕೊಳ್ಳಿ. 24 ನಿಮಿಷ ಒಂದೇ ಟೇಕ್ ಬೇಡ, ಐದಾರು ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ. ಫೋನೂ ತಣ್ಣಗಿರುತ್ತದೆ, ಅಂತರ ಬಂದರೂ ಬೆಳೆಯುವಷ್ಟು ಉದ್ದ ಸಿಗುವುದಿಲ್ಲ.

ಈ ರಾತ್ರಿಯೇ ಕೂರುವುದಾದರೆ ಮೊದಲು ಫೋನಿನ ಕ್ಲಿಪ್ ಬದಲಾಯಿಸಿ, ಬಣ್ಣ ಸರಿಪಡಿಸಿ, ಕೊನೆಯ ಎರಡು ನಿಮಿಷ ಮಾತ್ರ ಎಕ್ಸ್‌ಪೋರ್ಟ್ ಮಾಡಿ ತುಟಿಯನ್ನೂ ಮುಖದ ಬಣ್ಣವನ್ನೂ ನೋಡಿ. ಸರಿ ಕಂಡರೆ 16 ಎಂಬಿಪಿಎಸ್‌ನಲ್ಲಿ ಇಡೀ ವಿಡಿಯೊವನ್ನು ಕಂಪ್ಯೂಟರಿನ ಡಿಸ್ಕ್‌ಗೆ ಕೊಡಿ. ಅಕಸ್ಮಾತ್ ಆಗಲೂ ಎಲ್ಲಾದರೂ ನಿಂತರೆ ಸಂದೇಶವನ್ನು ಪೂರ್ತಿ, ಅಕ್ಷರ ಬಿಡದೆ ಬರೆದು ಕಳಿಸಿ. ಅರ್ಧಕ್ಕೆ ನಿಂತ ಫೈಲ್ ಡಿಸ್ಕ್‌ನಲ್ಲಿ ಉಳಿದಿದ್ದರೆ ಅಳಿಸುವ ಮೊದಲು ಅದರ ಗಾತ್ರ ಎಷ್ಟು ಬೈಟ್ ಎಂದು ನೋಡಿಕೊಂಡು ಅದನ್ನೂ ತಿಳಿಸಿ.